ಓಟಿನ ಪೆಟ್ಟಿಗೆ ಮತ್ತು ಊರ ಕಟ್ಟೆ
(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ರಜತ ಮಹೋತ್ಸವ ಅಂದಮೇಲೆ ಷೇರು ಬಂಡವಾಳ ಎಷ್ಟಿತ್ತು, ಎಷ್ಟಾಯಿತು, ಸಾಲ ವಸೂಲಿ ಎಷ್ಟು, ಗೊಬ್ಬರ ಎಷ್ಟು ಚೀಲ ಮಾರಿದಿರಿ ಎಂಬ ಮಾತು ಬರಬೇಕಾದದ್ದೇ. ಅದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಓದಿ ಹೇಳಿದ್ದಾರೆ. ನಮಗೆ ಕೊಟ್ಟ ವಿಷಯ ಪಂಚಾಯಿತಿ ಚುನಾವಣೆ. ಸೊಸೈಟಿ ಹಬ್ಬದಲ್ಲಿ ಪಂಚಾಯಿತಿ ಮಾತು ಯಾಕ್ರಿ ಅಂತ ಒಬ್ಬರು ಹೊರಗೆ ಚಹಾ ಕುಡಿಯುವಾಗ ಕೇಳಿದರು. ಉತ್ತರ ಸರಳ ಐತಿ. ಬೆಂಗಳೂರಿಗೆ, ದಿಲ್ಲಿಗೆ ಯಾರನ್ನು ಕಳಿಸುತ್ತೀವೋ ಅವರ ಮುಖವನ್ನು ನಮ್ಮಲ್ಲಿ ಬಹಳ ಮಂದಿ ಪೋಸ್ಟರಿನಲ್ಲಷ್ಟೇ ನೋಡಿರುತ್ತೀವಿ. ದಿನಾ ಎದುರಿಗೆ ಸಿಗುವವನನ್ನು ನಾವೇ ಆರಿಸಿ, ನಾವೇ ಕೇಳಿ, ನಾವೇ ಇಳಿಸಬಹುದಾದ ಜಾಗ ಊರಿನಲ್ಲಿ ಎರಡೇ: ಒಂದು ಈ ಸಂಘ, ಇನ್ನೊಂದು ಗ್ರಾಮ ಪಂಚಾಯಿತಿ. ಎರಡರ ಬೇರೂ ಒಂದೇ.

ಹೊಳೆ ದಾಟಿದರೆ ಗದಗ ಸೀಮೆ. ಅಲ್ಲಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಷೇರು ಒಂದಿದ್ದರೂ ಓಟು ಒಂದು, ಹತ್ತಿದ್ದರೂ ಓಟು ಒಂದು ಎಂಬ ನಿಯಮ ನಮ್ಮ ಸೀಮೆಯ ರೈತರಿಗೆ ಹಾಗೆ ಪರಿಚಯವಾಯಿತು. ಆ ಕಾಲಕ್ಕೆ ನಾವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವರು. ಲಾರ್ಡ್ ರಿಪ್ಪನ್ 1882ರಲ್ಲಿ ಸ್ಥಳೀಯ ಸ್ವರಾಜ್ಯದ ಠರಾವು ತಂದ, 1884ರಲ್ಲಿ ಮದ್ರಾಸಿನ ಲೋಕಲ್ ಬೋರ್ಡುಗಳ ಕಾಯ್ದೆ ಬಂತು, ಡಿಸ್ಟ್ರಿಕ್ಟ್ ಬೋರ್ಡು ತಾಲೂಕು ಬೋರ್ಡುಗಳಾದವು. ಆದರೆ ಮೊದಮೊದಲು ಅವುಗಳಲ್ಲಿ ಸರ್ಕಾರ ನೇಮಿಸಿದವರೇ ಹೆಚ್ಚು. ಆಮೇಲೆ ಚುನಾವಣೆ ಬಂದಾಗಲೂ ಕಂದಾಯ, ತೆರಿಗೆ ಕಟ್ಟುವವನಿಗೆ ಮಾತ್ರ ಓಟು. ಹೊಲವಿಲ್ಲದವನು ಊರಿನವನಾಗಿದ್ದ, ಮತದಾರನಾಗಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಬಿಡ್ರಿ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಕಾಯ್ದೆಯಿಂದ ಗ್ರಾಮ ಪಂಚಾಯಿತಿ ಮತ್ತು ತಾಲೂಕು ಬೋರ್ಡುಗಳಾದವು. ತಾಲೂಕು ಬೋರ್ಡಿನ ಹೆಸರು ಹೇಳಿದರೆ ಇಲ್ಲಿ ಬಿಳಿತಲೆಯವರು ನಗುತ್ತಿದ್ದಾರೆ, ಅವರಿಗೆ ನೆನಪಿರಬೇಕು. ದೊಡ್ಡ ಬದಲಾವಣೆ ಬಂದದ್ದು ಅಬ್ದುಲ್ ನಜೀರ್‌ಸಾಬರ ಕಾಲಕ್ಕೆ. ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್‌ಸಾಬ್ ಅಂತ ಕರೆಸಿಕೊಂಡ ಅದೇ ಮಂತ್ರಿಗಳು 1983ರ ಕಾಯ್ದೆ ತಂದು, 1987ರ ಜನವರಿಯಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ಮಾಡಿಸಿದರು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟರು. ಆಗ ದಿಲ್ಲಿಯಲ್ಲಿ ಇನ್ನೂ ಆ ಸಂವಿಧಾನ ತಿದ್ದುಪಡಿಯ ಹೆಸರೇ ಇರಲಿಲ್ಲ. 73ನೇ ತಿದ್ದುಪಡಿ ಜಾರಿಯಾದದ್ದು 1993ರ ಏಪ್ರಿಲ್ 24ಕ್ಕೆ. ನಮ್ಮ ರಾಜ್ಯದ ಹೊಸ ಕಾಯ್ದೆ ಅದೇ ಮೇ ತಿಂಗಳಿಗೆ. ಆಮೇಲೆ ನಮ್ಮ ಹಡಗಲಿ ಕ್ಷೇತ್ರದಿಂದಲೇ ಆರಿಸಿ ಹೋದ ಎಂ.ಪಿ. ಪ್ರಕಾಶ್ ಅವರು ಪಂಚಾಯತ್‌ರಾಜ್ ಮಂತ್ರಿಗಳಾಗಿ ಈ ಖಾತೆ ನೋಡಿಕೊಂಡರು. ಈ ಮಾತನ್ನು ಅಭಿಮಾನದಿಂದ ಹೇಳುತ್ತೇವೆ, ಅದರಲ್ಲಿ ಪಕ್ಷದ ಮಾತಿಲ್ಲ.

ಇರಲಿ, ಹಳೆಯದು ಸಾಕು. ಈಗಿನ ಚುನಾವಣೆ ಹೇಗೆ ನಡೀತೈತಿ ನೋಡೋಣ.

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬುದು ಗ್ರಾಮ ಪಂಚಾಯಿತಿಯ ಲೆಕ್ಕ. ಪಕ್ಷದ ಚಿಹ್ನೆ ಇಲ್ಲ. ಇಲ್ಲ ಅಂತ ಕಾಯ್ದೆ ಹೇಳುತ್ತೆ; ಯಾರು ಯಾವ ಕಡೆಯವರು ಅಂತ ಶಾಲೆಗೆ ಹೋಗುವ ಹುಡುಗನಿಗೂ ಗೊತ್ತಿರುತ್ತದೆ, ಆ ಮಾತು ಬೇರೆ. ಒಂದೊಂದು ವಾರ್ಡಿನಲ್ಲಿ ಎರಡು, ಮೂರು, ನಾಲ್ಕು ಸ್ಥಾನ ಇರುವುದುಂಟು. ಅಂಥಲ್ಲಿ ಎಷ್ಟು ಸ್ಥಾನವೋ ಒಬ್ಬ ಮತದಾರನಿಗೆ ಅಷ್ಟು ಓಟು. ಇದು ನಮ್ಮ ಜನಕ್ಕೆ ಇನ್ನೂ ಸರಿಯಾಗಿ ಕೂತಿಲ್ಲ. ಮೂರು ಓಟಿನ ಹಕ್ಕಿದ್ದವರು ಒಂದೇ ಒತ್ತಿ ಬರುತ್ತಾರೆ. ಇಲ್ಲವೆ ಮೂರರ ಕಡೆ ನಾಲ್ಕು ಒತ್ತಿ ಇಡೀ ಚೀಟಿಯನ್ನೇ ಕೆಡಿಸುತ್ತಾರೆ. ಹತ್ತಿಪ್ಪತ್ತು ಓಟಿನಲ್ಲಿ ಸೋಲು ಗೆಲುವು ತೀರ್ಮಾನವಾಗುವ ವಾರ್ಡಿನಲ್ಲಿ ಕೆಟ್ಟ ಚೀಟಿ ಅಂದರೆ ಸಣ್ಣ ಮಾತಲ್ಲ. ಮಹಿಳಾ ಮೀಸಲು ಸ್ಥಾನ ಬಿಟ್ಟು ಬೇರೆ ಕಡೆ ಹೆಣ್ಣುಮಕ್ಕಳು ನಿಲ್ಲುವಂತಿಲ್ಲ ಎಂದು ಹೇಳುವವರೂ ನಮ್ಮಲ್ಲಿ ಇದ್ದಾರೆ. ಅದು ಸುಳ್ಳು. ಸಾಮಾನ್ಯ ಸ್ಥಾನಕ್ಕೂ ಅವರು ನಿಲ್ಲಬಹುದು, ಗೆಲ್ಲಬಹುದು. 2010ರಿಂದ ಅರ್ಧದಷ್ಟು ಸ್ಥಾನ ಮೀಸಲಾಗಿದೆ, ಅದು ಕನಿಷ್ಠ. ಗರಿಷ್ಠ ಅಂತ ಯಾವ ಕಾಯ್ದೆಯೂ ಹೇಳಿಲ್ಲ.

2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಮತದಾನ ಆಯಿತು. ಕೊರೊನಾ ಕಾಲ, ಮುಖಕ್ಕೆ ಮಾಸ್ಕು. ಆದರೂ ನೂರಕ್ಕೆ 80ಕ್ಕಿಂತ ಹೆಚ್ಚು ಜನ ಓಟು ಹಾಕಿದರು. ಬೀದರ್ ಜಿಲ್ಲೆ ಬಿಟ್ಟರೆ ಉಳಿದೆಡೆ ಮಿಷನ್ ಇಲ್ಲ, ಹಳೇ ಕಾಲದ ಚೀಟಿ, ರಬ್ಬರ್ ಸ್ಟಾಂಪು, ಕಬ್ಬಿಣದ ಪೆಟ್ಟಿಗೆ.

ಇಂಗ್ಲೆಂಡಿನಲ್ಲಿ ಪಂಚಾಯಿತಿ ಐತೇನ್ರಿ ಅಂತ ನಮ್ಮ ಸಂಘದ ಯುವಕರೊಬ್ಬರು ಕೇಳಿದ್ದರು. ಐತಿ. ಹಳ್ಳಿಗೆ ಪ್ಯಾರಿಷ್ ಕೌನ್ಸಿಲ್, ಅದರ ಮೇಲೆ ಡಿಸ್ಟ್ರಿಕ್ಟ್ ಕೌನ್ಸಿಲ್, ಬಹಳ ಕಡೆ ಅದರ ಮೇಲೆ ಕೌಂಟಿ ಕೌನ್ಸಿಲ್. ನಮ್ಮ ಗ್ರಾಮ, ತಾಲೂಕು, ಜಿಲ್ಲೆ ಇದ್ದ ಹಾಗೇ ಅನ್ನಿರಿ. ಚುನಾವಣೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಗುರುವಾರ. ರಜೆ ಇಲ್ಲ. ಬೆಳಗಿನ 7ರಿಂದ ರಾತ್ರಿ 10ರವರೆಗೆ ಮತಗಟ್ಟೆ ತೆರೆದಿರುತ್ತದೆ, ಕೆಲಸಕ್ಕೆ ಹೋಗುವ ಮುಂಚೆ ಇಲ್ಲವೆ ಬಂದ ಮೇಲೆ ಹೋಗಿ ಕಾಗದದ ಮೇಲೆ ಪೆನ್ಸಿಲಿನಿಂದ ಗುಣಾಕಾರದ ಗುರುತು ಹಾಕಿ ಬರುತ್ತಾರೆ. ಬೆರಳಿಗೆ ಶಾಯಿ ಇಲ್ಲ. ಕೆಲವು ಡಿಸ್ಟ್ರಿಕ್ಟುಗಳಲ್ಲಿ ಒಮ್ಮೆಗೆ ಮೂರನೇ ಒಂದು ಭಾಗದ ಸದಸ್ಯರನ್ನಷ್ಟೇ ಆರಿಸುತ್ತಾರೆ, ಹಾಗಾಗಿ ನಾಲ್ಕು ವರ್ಷದಲ್ಲಿ ಮೂರು ಸಲ ಚುನಾವಣೆ! ನಮ್ಮಲ್ಲಿ ಹಾಗೆ ಮಾಡಿದರೆ ಊರಿನಲ್ಲಿ ಯಾರೂ ಹೊಲಕ್ಕೆ ಹೋಗಲಿಕ್ಕಿಲ್ಲ. ಅಷ್ಟೆಲ್ಲ ಅನುಕೂಲ ಇದ್ದೂ ಅಲ್ಲಿ ಮೂರರಲ್ಲಿ ಒಬ್ಬರು ಬಂದರೆ ಹೆಚ್ಚು. ಇಟ್ಟಿಗಿಯ ಮುದುಕಿ ಕೋಲೂರಿಕೊಂಡು ಸರತಿಯಲ್ಲಿ ನಿಲ್ಲುವುದನ್ನು ನೋಡಿದರೆ ಅವರಿಗೆ ಆಶ್ಚರ್ಯವಾದೀತು. ರಿಪ್ಪನ್ನನ ದೇಶದವರಿಗೆ ಈ ವಿಷಯದಲ್ಲಿ ನಾವು ಪಾಠ ಹೇಳಬಹುದು.

ಆದರೆ ಹೊಗಳಿಕೊಂಡು ಕೂತರೆ ಆಗದು. ನಮ್ಮ ಕೈಯ ಓಟು ಎರಡು ದಾರಿಯಲ್ಲಿ ಜಾರಿ ಹೋಗುತ್ತಿದೆ. ಒಂದು ದಾರಿ ನಮ್ಮ ಊರ ಕಟ್ಟೆಯಿಂದಲೇ ಹೊರಡುತ್ತದೆ, ಇನ್ನೊಂದು ಮೇಲಿನಿಂದ ಬರುತ್ತದೆ.

ಕಟ್ಟೆಯ ಮಾತು ಮೊದಲು. ನಾಮಪತ್ರ ವಾಪಸು ತೆಗೆಯುವ ಹಿಂದಿನ ರಾತ್ರಿ ಗುಡಿಯ ಮುಂದೆ ಹತ್ತು ಮಂದಿ ಕೂಡುತ್ತಾರೆ. ‘ಯಾಕ ಜಗಳ, ಅಣ್ಣತಮ್ಮಂದಿರು ಮಾತು ಬಿಡೋದು ಯಾಕ, ಒಬ್ಬನ್ನ ಒಪ್ಪಿ ಬಿಡ್ರಿ’ ಅಂತ ಶುರುವಾಗುತ್ತದೆ. ಆ ಮಾತಿನಲ್ಲಿ ಒಳ್ಳೇತನವೂ ಇದೆ. ಒಂದು ಚುನಾವಣೆಯಿಂದ ಐದು ವರ್ಷ ಒಬ್ಬರ ಮನೆಗೆ ಒಬ್ಬರು ಹೋಗದೆ ಇರುವ ಸಂಬಂಧಿಕರು ಎಲ್ಲ ಊರಲ್ಲೂ ಇದ್ದಾರೆ, ಮದುವೆಯ ಪತ್ರಿಕೆ ಕೊಡುವಾಗ ಓಣಿ ಬಿಟ್ಟು ಓಣಿ ದಾಟುತ್ತಾರೆ. ಆದ್ದರಿಂದ ಅವಿರೋಧ ಆಯ್ಕೆ ಎಂದಕೂಡಲೆ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. 2020ರಲ್ಲಿ ರಾಜ್ಯದಲ್ಲಿ ಸಾವಿರಾರು ಸದಸ್ಯರು ಹಾಗೆಯೇ ಆಯ್ಕೆಯಾದರು. ಅವರಲ್ಲಿ ಒಳ್ಳೆಯವರೂ ಇದ್ದರು.

ಆದರೆ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ. ‘ಗುಡಿ ಗೋಪುರಕ್ಕೆ ಇಷ್ಟು ಕೊಡು, ಸೀಟು ನಿಂದು.’ ‘ಅವನು ಅಷ್ಟು ಕೊಡ್ತಾನಂತೆ, ನೀನು ಎಷ್ಟು ಏರಿಸ್ತಿ?’ ಎತ್ತಿನ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾಡಿದಂತೆ. 2020ರಲ್ಲಿ ಬಳ್ಳಾರಿ, ಕಲಬುರಗಿ ಕಡೆಯ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನು ಬಹಿರಂಗವಾಗಿಯೇ ಹರಾಜು ಹಾಕಿದ ಸುದ್ದಿ ಪೇಪರಿನಲ್ಲಿ ಬಂತು. ರಾಜ್ಯ ಚುನಾವಣಾ ಆಯೋಗ ಇದು ಅಪರಾಧ, ಮೊಕದ್ದಮೆ ಹಾಕಿ ಎಂದು ಅಧಿಕಾರಿಗಳಿಗೆ ಬರೆಯಿತು. ಹರಾಜು ಹಿಡಿದವರು ಹೇಳಿದ್ದೇನು? ದುಡ್ಡು ನಮ್ಮ ಜೇಬಿಗಲ್ಲ, ದೇವರಿಗೆ. ದೇವರು ಕೇಳಿದ್ದನೇ? ಮೈಲಾರಲಿಂಗನ ಗೊರವಪ್ಪ ಡೆಂಕನಮರಡಿಯಲ್ಲಿ ಬಿಲ್ಲೇರಿ ಕಾರಣಿಕ ನುಡಿಯುತ್ತಾನೆ. ಆ ಒಂದು ಮಾತನ್ನು ಹಿಡಿದು ಮಳೆ ಬೆಳೆಯಿಂದ ವಿಧಾನಸೌಧದವರೆಗೆ ನಾವು ಅರ್ಥ ಹಚ್ಚುತ್ತೀವಿ. ಪಂಚಾಯಿತಿ ಸೀಟಿನ ದರ ಏರಿಸಿರಿ ಎಂದು ಯಾವ ಕಾರಣಿಕದಲ್ಲೂ ಆಗಿಲ್ಲ.

ಅವಿರೋಧದ ಬಗ್ಗೆ ನಾವು ಕೇಳುವ ಪ್ರಶ್ನೆ ಒಂದೇ. ಆ ರಾತ್ರಿ ಕಟ್ಟೆಯ ಮೇಲೆ ಯಾರು ಇರಲಿಲ್ಲ? ಹೆಣ್ಣುಮಕ್ಕಳು ಇರಲಿಲ್ಲ. ಕೇರಿಯವರನ್ನು ಕರೆದಿದ್ದರೂ ಅವರು ಕಟ್ಟೆಯ ಕೆಳಗೆ ನಿಂತಿದ್ದರು. ತಾಂಡಾದವರು ಊರಲ್ಲೇ ಇರಲಿಲ್ಲ. ಗೆದ್ದವನ ಲೆಕ್ಕ ಆಮೇಲೆ ಯಾರ ಹತ್ತಿರ ಇರುತ್ತದೆ? ಓಟು ಹಾಕಿದವರ ಹತ್ತಿರ ಇರಲು ಓಟೇ ಬಿದ್ದಿಲ್ಲ. ಚರಂಡಿ ಕಟ್ಟಿದೆ ಅಂತ ಹೇಳಲು ಹೋದರೆ ‘ನೀನೇನು ನನಗೆ ಓಟು ಹಾಕಿದ್ಯಾ?’ ಅನ್ನುತ್ತಾನೆ. ಅವನ ಮಾತೂ ಸರಿಯೇ! ಅವನು ಬಾಕಿ ಇರುವುದು ಕಟ್ಟೆಗೆ, ಓಣಿಗಲ್ಲ. ಕೊಟ್ಟ ದುಡ್ಡನ್ನು ಯಾವ ಕಾಮಗಾರಿಯಲ್ಲಿ ಹೊರಡಿಸುತ್ತಾನೆ ಎಂಬುದನ್ನು ವಿವರಿಸಿ ಹೇಳಬೇಕಿಲ್ಲ, ರೈತರಿಗೆ ಬಡ್ಡಿ ಲೆಕ್ಕ ಬರುತ್ತದೆ.

ತಾಂಡಾದ ಮಾತು ಬಂತು. ಅದನ್ನು ಸ್ವಲ್ಪ ನಿಂತು ಹೇಳಬೇಕು. ಸುಗ್ಗಿ ಮುಗಿಯುವುದಕ್ಕೆ ಮುಂಚೆಯೇ ಹಡಗಲಿ, ಹರಪನಹಳ್ಳಿ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಸಂಸಾರ ಸಮೇತ ಗುಳೆ ಹೋಗುತ್ತಾರೆ. ಬಾಗಿಲಿಗೆ ಬೀಗ, ಅಂಗಳದಲ್ಲಿ ಮುದುಕರು ಮಾತ್ರ. ಡಿಸೆಂಬರಿನಲ್ಲಿ ಚುನಾವಣೆ ಬಂದರೆ ಅವರ ಓಟು ಕಬ್ಬಿನ ಗದ್ದೆಯಲ್ಲೇ ಉಳಿಯುತ್ತದೆ. ಇಲ್ಲವೆ ಯಾವನೋ ಅಭ್ಯರ್ಥಿ ಟೆಂಪೋ ಕಳಿಸಿ ಕರೆಸಿಕೊಳ್ಳುತ್ತಾನೆ. ಟೆಂಪೋ ಯಾರದೋ ಓಟು ಅವರದು ಅಂತ ಆಗಿಬಿಡುತ್ತದೆ. ದಾರಿ ಖರ್ಚು, ಎರಡು ದಿನದ ಕೂಲಿ, ಊಟ ಎಲ್ಲ ಅವನೇ ಕೊಟ್ಟ ಮೇಲೆ ಬಡವ ಏನು ಮಾಡಿಯಾನು. ಇದಕ್ಕೆ ಅವರನ್ನು ಬೈದು ಫಲವಿಲ್ಲ. ಗುಳೆ ಹೋಗುವ ತಿಂಗಳು ಬಿಟ್ಟು ಚುನಾವಣೆ ಇಡಿರಿ ಅಂತ ಒಂದು ಗ್ರಾಮಸಭೆಯಲ್ಲಾದರೂ ಠರಾವು ಆಗಲಿ, ಅದನ್ನು ಆಯೋಗಕ್ಕೆ ಕಳಿಸೋಣ. ಖರ್ಚು ಒಂದು ಕಾಗದದ್ದು.

ಈಗ ಮೇಲಿನ ದಾರಿ. ಇದು ಸಂಘದವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ನಿರ್ದೇಶಕ ಮಂಡಳಿಯ ಐದು ವರ್ಷ ಮುಗಿದು ಚುನಾವಣೆ ಆಗದಿದ್ದರೆ ಏನಾಗುತ್ತದೆ? ಆಡಳಿತಾಧಿಕಾರಿ ಬರುತ್ತಾರೆ. ಅವರು ಪ್ರಾಮಾಣಿಕರೇ ಇರಬಹುದು. ಆದರೆ ಅವರಿಗೆ ಇಂಥ ನಾಲ್ಕಾರು ಸಂಘಗಳ ಹೊರೆ. ವಾರಕ್ಕೋ ಹದಿನೈದು ದಿನಕ್ಕೋ ಬಂದು ಸಹಿ ಹಾಕಿ ಹೋಗುತ್ತಾರೆ. ಸಾಲದ ಅರ್ಜಿ ಅಲ್ಲೇ ಮಲಗಿರುತ್ತದೆ. ಎದುರು ನಿಂತು ಕೇಳುವುದು ಯಾರನ್ನು? ಅವರನ್ನು ನಾವು ಆರಿಸಿಲ್ಲ, ಇಳಿಸಲೂ ಬರುವುದಿಲ್ಲ. ಆಡಳಿತಾಧಿಕಾರಿ ಇದ್ದ ಸಂಘದ ಸದಸ್ಯರನ್ನು ಕೇಳಿ ನೋಡಿರಿ.

ನಮ್ಮ ಜಿಲ್ಲಾ ಪಂಚಾಯತಿಗೆ, ತಾಲೂಕು ಪಂಚಾಯಿತಿಗೆ ಆದದ್ದು ಅದೇ. 2016ರ ಫೆಬ್ರುವರಿಯಲ್ಲಿ ಆ ಎರಡಕ್ಕೂ ಚುನಾವಣೆ ಆಯಿತು. ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಿರಬೇಕು ಎಂದು ಸಂವಿಧಾನದಲ್ಲೇ ಬರೆದಿದೆ. ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು. ಆದರೂ ಆಗಲಿಲ್ಲ. ಕ್ಷೇತ್ರಗಳ ಗಡಿ ಗುರುತಿಸುವ, ಮೀಸಲಾತಿ ನಿಗದಿ ಮಾಡುವ ಅಧಿಕಾರವನ್ನು ಚುನಾವಣಾ ಆಯೋಗದಿಂದ ತೆಗೆದು, ಸರ್ಕಾರ 2021ರಲ್ಲಿ ಬೇರೆ ಆಯೋಗ ಮಾಡಿತು. ಆ ಆಯೋಗದ ವರದಿ, ಆಕ್ಷೇಪಣೆ, ಕೋರ್ಟು, ಮತ್ತೆ ಕಾಲಾವಕಾಶ. 2022ರ ಡಿಸೆಂಬರಿನಲ್ಲಿ ಹೈಕೋರ್ಟು ತಡ ಮಾಡಿದ್ದಕ್ಕೆ ಸರ್ಕಾರಕ್ಕೆ 5 ಲಕ್ಷ ದಂಡ ಹಾಕಿತು. ಅದಾದ ಮೇಲೆ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ತಡ ಬದಲಾಗಲಿಲ್ಲ. ಈ ವಿಷಯದಲ್ಲಿ ಎಲ್ಲ ಪಕ್ಷದವರೂ ಅವಿರೋಧ ಆಯ್ಕೆ ಮಾಡಿಕೊಂಡಿದ್ದಾರೆ!

ಇದು ಹೊಸದೂ ಅಲ್ಲ. ನಜೀರ್‌ಸಾಬರು ಮಾಡಿಸಿದ ಜಿಲ್ಲಾ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗಲೂ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನು ಕೂರಿಸಿದ್ದರು. ಮತ್ತೆ ಜಿಲ್ಲಾ ಮಟ್ಟದ ಚುನಾವಣೆ ಕಂಡದ್ದು 1995ರಲ್ಲಿ. ಇಂಗ್ಲೆಂಡಿನಲ್ಲೂ 2025ರ ಮೇ ತಿಂಗಳ ಚುನಾವಣೆಯನ್ನು ಒಂಬತ್ತು ಕಡೆ ಒಂದು ವರ್ಷ ಮುಂದೂಡಿದರು. ಅವರ ಕಾರಣವೂ ನಮ್ಮವರದರ ಹಾಗೇ ಇತ್ತು, ಕೌನ್ಸಿಲ್‌ಗಳನ್ನು ಮರುಜೋಡಣೆ ಮಾಡಬೇಕು ಅಂತ. ಅಲ್ಲಿ ಒಂದು ವರ್ಷಕ್ಕೇ ಪತ್ರಿಕೆಗಳಲ್ಲಿ ಗದ್ದಲ ಎದ್ದಿತು. ನಮ್ಮಲ್ಲಿ ವರ್ಷದ ಮೇಲೆ ವರ್ಷ ಹೋದರೂ ಯಾವ ಊರಲ್ಲೂ ಒಂದು ಅಂಗಡಿಯ ಬಾಗಿಲು ಮುಚ್ಚಲಿಲ್ಲ.

ನಮ್ಮ ಭಾಗಕ್ಕಂತೂ ಇನ್ನೊಂದು ವಿಚಿತ್ರ ಇದೆ. ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಹೊಸಪೇಟೆಗೆ ಜಿಲ್ಲಾ ಕಚೇರಿ ಬಂತು, ನಮಗೆ ಬಸ್ಸಿನ ದಾರಿ ಕಡಿಮೆಯಾಯಿತು, ಸಂತೋಷ. ಆದರೆ ಜಿಲ್ಲೆ ಹುಟ್ಟಿದ ವರ್ಷವೇ ಹಳೇ ಸದಸ್ಯರ ಅವಧಿ ಮುಗಿಯಿತು. ಕೂಸು ಹುಟ್ಟಿತು, ತೊಟ್ಟಿಲಿಗೆ ಹಾಕುವ ಮುಂಚೆಯೇ ಆಡಳಿತಾಧಿಕಾರಿ ಎತ್ತಿಕೊಂಡರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೊಸಪೇಟೆ ಸೇರಿ ತಮ್ಮದೇ ಜಿಲ್ಲಾ ಪಂಚಾಯತಿಗೆ ತಾವೇ ಓಟು ಹಾಕಿ ಕಳಿಸಿದ ಒಬ್ಬ ಸದಸ್ಯನನ್ನೂ ನೋಡದೆ ಜಿಲ್ಲೆಗೆ ನಾಲ್ಕು ವರ್ಷ ದಾಟಿತು.

ಇದರಿಂದ ನಷ್ಟವೇನು ಅಂತ ಕೇಳುವವರಿದ್ದಾರೆ. ಶಾಲೆಯ ಕೊಠಡಿ, ಆಸ್ಪತ್ರೆಯ ಡಾಕ್ಟರು, ಹಳ್ಳಿ ರಸ್ತೆ, ಕುಡಿಯುವ ನೀರಿನ ಯೋಜನೆ, ಇವೆಲ್ಲ ಜಿಲ್ಲಾ ಪಂಚಾಯತಿಯ ಸಭೆಯಲ್ಲಿ ಮಾತಾಗುವ ವಿಷಯ. ಆ ಸಭೆಯಲ್ಲಿ ಎದ್ದು ನಿಂತು ‘ನಮ್ಮ ಊರಿನ ಡಾಕ್ಟರು ಯಾವಾಗ ಬರ್ತಾರ?’ ಅಂತ ಕೇಳುವವನು ನಮ್ಮ ಸದಸ್ಯ. ಅಧಿಕಾರಿ ಉತ್ತರ ಕೊಡಲೇಬೇಕು, ಅದು ನಡವಳಿಯಲ್ಲಿ ಬರೆದು ಉಳಿಯುತ್ತದೆ. ಸದಸ್ಯನೇ ಇಲ್ಲದಿದ್ದರೆ ಪ್ರಶ್ನೆ ಇಲ್ಲ, ಪ್ರಶ್ನೆ ಇಲ್ಲದಿದ್ದರೆ ನಡವಳಿಯಲ್ಲಿ ಊರಿನ ಹೆಸರೂ ಇಲ್ಲ. ಎಲ್ಲಕ್ಕೂ ಶಾಸಕರ ಮನೆ ಬಾಗಿಲಿಗೇ ಹೋಗಬೇಕು. ಶಾಸಕರು ಒಬ್ಬರು, ತಾಲೂಕು ಇಷ್ಟು ದೊಡ್ಡದು. ಅವರ ಮನೆ ಮುಂದೆ ಬೆಳಿಗ್ಗೆ ನಿಂತ ಜನರಲ್ಲಿ ಮೂರು ಪಾಲು ಪಂಚಾಯಿತಿ ಮಟ್ಟದಲ್ಲೇ ಬಗೆಹರಿಯಬೇಕಾದ ಕೆಲಸಕ್ಕೆ ಬಂದವರು. ಹದಿನೈದನೇ ಹಣಕಾಸು ಆಯೋಗದ ದುಡ್ಡಿಗೂ ಚುನಾಯಿತ ಸಮಿತಿ ಇರಬೇಕು ಎಂಬ ಷರತ್ತಿತ್ತು. ಆ ಲೆಕ್ಕ ಬೇರೆ.

ಕೆಲವರು ಹೇಳುತ್ತಾರೆ, ಸದಸ್ಯರು ಇದ್ದಾಗ ಏನು ಕಡಿದು ಕಟ್ಟೆ ಹಾಕಿದ್ದರು, ಕಮಿಷನ್ ತಿಂದರು, ಅಧಿಕಾರಿಯೇ ವಾಸಿ ಅಂತ. ತಿಂದವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ತಿಂದವನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಿದ್ದೂ ನಾವೇ. ಸಂಘದಲ್ಲಿ ಒಬ್ಬ ನಿರ್ದೇಶಕ ತಪ್ಪು ಮಾಡಿದರೆ ವಾರ್ಷಿಕ ಸಭೆಯಲ್ಲಿ ಎದ್ದು ಕೇಳುತ್ತೀವಿ, ಕೂಗಾಡುತ್ತೀವಿ, ಮುಂದಿನ ಸಲ ಇಳಿಸುತ್ತೀವಿ. ಇನ್ನು ಮೇಲೆ ಸಂಘಕ್ಕೆ ಚುನಾವಣೆಯೇ ಬೇಡ ಅಂತ ಯಾರೂ ಹೇಳಿದ್ದಿಲ್ಲ.

ಗ್ರಾಮಸಭೆಯ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇವೆ, ಊಟದ ಹೊತ್ತಾಗಿದೆ, ಅಡಿಗೆಯವರು ಆಗಲೇ ಎರಡು ಸಲ ಇಣುಕಿ ನೋಡಿದರು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು. ಮತದಾರರಲ್ಲಿ ಹತ್ತರಲ್ಲಿ ಒಬ್ಬರು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಕೂತರೆ ಕೋರಂ. ಈ ಶಾಮಿಯಾನದ ಕೆಳಗೆ ಈಗ ಅದಕ್ಕಿಂತ ಹೆಚ್ಚು ಜನ ಇದ್ದೀರಿ. ಮುಂದಿನ ಗ್ರಾಮಸಭೆಗೆ ಇಷ್ಟೇ ಜನ ಬಂದರೆ ಸಾಕು, ಎರಡು ಠರಾವು ಬರೆಸಬಹುದು. ಸೀಟಿನ ಹರಾಜಿಗೆ ಈ ಊರಿನ ಯಾವ ಗುಡಿಯ ಲೆಕ್ಕದಲ್ಲೂ ಜಾಗವಿಲ್ಲ ಅಂತ ಒಂದು, ತಾಂಡಾದವರು ಊರಲ್ಲಿರುವ ತಿಂಗಳಲ್ಲಿ ಚುನಾವಣೆ ಇಡಬೇಕು ಅಂತ ಇನ್ನೊಂದು. ಮತದಾರರ ಪಟ್ಟಿಯ ಕರಡನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಿದ ದಿನ ನಮ್ಮ ಸಂಘದ ಹುಡುಗರು ಓದು ಬಾರದವರ ಹೆಸರು ಹುಡುಕಿಕೊಟ್ಟರೆ ಇನ್ನೂ ಒಳ್ಳೇದು. ಸೊಸೆಯಾಗಿ ಬಂದವರ ಹೆಸರು ತವರಿನ ಪಟ್ಟಿಯಲ್ಲಿ, ಗುಳೆ ಹೋದವರ ಹೆಸರು ಎಲ್ಲೂ ಇಲ್ಲ, ತೀರಿಕೊಂಡವರ ಹೆಸರು ಮಾತ್ರ ಭದ್ರವಾಗಿ ಇರುತ್ತದೆ. ಹುಡುಗರು ಪೆನ್ನು ತರಬೇಕು, ಅರ್ಜಿ ನಮೂನೆಗಳನ್ನು ಪಂಚಾಯಿತಿಯಿಂದ ತಂದು ಸಂಘದ ಕೌಂಟರಿನಲ್ಲಿ ಇಡಲು ಕಾರ್ಯದರ್ಶಿಗಳು ಈಗಷ್ಟೇ ತಲೆಯಾಡಿಸಿ ಒಪ್ಪಿದ್ದಾರೆ.